ಕುರುಹೂ ಅರಿವೂ

ಕಾಣದುದನ್ನು ಕಾಣಿಸಿಕೊಡುವುದು ಗುರುವಿನ ಕಾರ್ಯ. ಆ ಕಾರ್ಯವನ್ನು ಈಗ ಗಣಕಯಂತ್ರದ ಪರದೆಯೂ ಕೈಗೊಂಡಿದೆ. ಚಿತ್ರ, ಚಲನೆ, ಧ್ವನಿಗಳು ಕೂಡಿ ಮಗುವಿನ ಬೆರಳಿಗೆ ಓಗೊಡುವ ಬಹುಮಾಧ್ಯಮವು ಪ್ರಾಥಮಿಕ ಶಾಲೆಯ ವಿಜ್ಞಾನಪಾಠಕ್ಕೂ ಬಂದಿದೆ. ಹೀಗೆ ಕಂಡುದು ಅರಿವೆನಿಸುವುದೇ, ಅರಿವಿನ ಕುರುಹು ಮಾತ್ರವೇ ಎಂಬುದು ವಿಚಾರಣೀಯವಾಗಿದೆ.

ಒಂದು ನಿದರ್ಶನವನ್ನು ನೋಡೋಣ. 2001ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡವರಲ್ಲೊಬ್ಬರಾದ ಕಾರ್ಲ್ ವೀಮನ್ನರು 2002ರಲ್ಲಿ ಅಮೆರಿಕೆಯ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 'ಫೆಟ್' ಎಂಬ ಯೋಜನೆಯನ್ನು ಆರಂಭಿಸಿದರು. ಅದರ ವಿದ್ಯುನ್ಮಂಡಲದ ಪಾಠದಲ್ಲಿ ಮಗುವು ಪರದೆಯ ಮೇಲೆಯೇ ಬ್ಯಾಟರಿ, ತಂತಿ, ಬಲ್ಬುಗಳನ್ನು ಜೋಡಿಸಬಹುದು. ಬಲ್ಬಿಗೆ ಒಂದೇ ತಂತಿ ಸಾಕೆಂದು ಎಷ್ಟೋ ಮಕ್ಕಳು ಭಾವಿಸುವರು. ಇಲ್ಲಿ ಸುತ್ತು ಪೂರ್ಣವಾದೊಡನೆ ಬಲ್ಬು ಬೆಳಗುವುದು. ತಂತಿಯೊಳಗೆ ಎಲೆಕ್ಟ್ರಾನುಗಳು ಚಿಕ್ಕ ಗುಂಡುಗಳಂತೆ ಸರಿಯುವುವು. ಬ್ಯಾಟರಿಯ ಎರಡು ತುದಿಗಳನ್ನು ಬರಿಯ ತಂತಿಯಿಂದ ಕೂಡಿಸಿದರೆ ಉರಿಯೂ ಕಾಣುವುದು. ಆದರೆ ಕೈ ಸುಡದು.

ಇದನ್ನು ಬರಿಯ ಆಟವೆಂದು ತಳ್ಳಿಬಿಡುವುದು ನ್ಯಾಯವಲ್ಲ. ಅಲ್ಲಿಯ ಕಾಲೇಜು ವಿದ್ಯಾರ್ಥಿಗಳನ್ನು ಕುರಿತು 2005ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ಪರದೆಯ ಮೇಲೆ ಅಭ್ಯಾಸ ಮಾಡಿದವರು ನಿಜವಾದ ಉಪಕರಣಗಳಿಂದ ಕಲಿತವರಿಗಿಂತ, ನಿಜವಾದ ಮಂಡಲವನ್ನು ಕಟ್ಟಿ ವಿವರಿಸುವುದರಲ್ಲಿಯೂ ಮುಂದಾಗಿದ್ದರು. ದೊಡ್ಡವರಲ್ಲಿ ಕಂಡ ಫಲವನ್ನು ಹಾಗೆಯೇ ಮಕ್ಕಳಿಗೆ ಅನ್ವಯಿಸಲಾಗದು. ಆದರೂ ಈ ಸಾಧನವು ಉಪೇಕ್ಷಣೀಯವಲ್ಲವೆಂಬುದು ಇದರಿಂದ ಸಿದ್ಧವಾಗುವುದು.

ಆದರೆ ಇಲ್ಲೊಂದು ಭೇದವುಂಟು. ಪರದೆಯ ಬಲ್ಬು, ಪ್ರಕೃತಿಯ ನಿಯಮವನ್ನು ಅರಿತವರು ಬರೆದಿಟ್ಟ ಆಜ್ಞೆಯಂತೆ ಬೆಳಗುವುದು. ಅದು ಪ್ರತ್ಯಕ್ಷದ ವೇಷವನ್ನು ತೊಟ್ಟ ಆಪ್ತವಾಕ್ಯ. ಆಪ್ತವಾಕ್ಯವು ಸತ್ಯವೇ ಇರಬಹುದು; ಕೇಳಿದುದನ್ನು ಕಂಡೆನೆಂದು ಬಗೆಯುವುದು ಮಾತ್ರ ಭ್ರಾಂತಿ. ಎಲೆಕ್ಟ್ರಾನು ಬಣ್ಣದ ಗುಂಡಲ್ಲ. ಬ್ಯಾಟರಿಗೆ ಜೋಡಿಸಿದ ಸಾಮಾನ್ಯ ತಾಮ್ರದ ತಂತಿಯಲ್ಲಿ ಅದು ಮುಂದೆ ಸಾಗುವ ಸರಾಸರಿ ವೇಗವು ಸೆಕೆಂಡಿಗೆ 1 ಮಿಲಿಮೀಟರಿಗಿಂತಲೂ ಕಡಿಮೆ. ಗುಂಡು ಕುರುಹು, ಕುರುಹನ್ನೇ ವಸ್ತುವೆಂದು ಹಿಡಿದ ಮಗುವಿಗೆ ವಸ್ತುವೂ ದೊರೆಯದು.

ನಿಜವಾದ ಬಲ್ಬು ಯಾರ ದಾಕ್ಷಿಣ್ಯಕ್ಕೂ ಬೆಳಗದು. ತಂತಿಯ ತುದಿ ಸಡಿಲವಾಗಿದ್ದರೂ, ಬ್ಯಾಟರಿಯ ಶಕ್ತಿ ತೀರಿದ್ದರೂ ಅದು ಹೊತ್ತಿಕೊಳ್ಳದು. ಏಕೆಂದು ಮಗುವು ಒಂದೊಂದನ್ನೇ ಪರೀಕ್ಷಿಸತೊಡಗಿದಾಗ ವಿಜ್ಞಾನವು ಮೊದಲಾಗುವುದು. ಅದರೊಡನೆ ವಿನಯವೂ ಬರುವುದು.

ಆದುದರಿಂದ ಪರದೆಯನ್ನು ದೂರವಿಡಬೇಕಾಗಿಲ್ಲ. ಪಾಠವನ್ನು ಅಲ್ಲಿಗೇ ಮುಗಿಸಬಾರದು. ಗೋಡೆಯ ವಿದ್ಯುತ್ತನ್ನು ಮುಟ್ಟದೆ, ಒಂದು ಚಿಕ್ಕ ಬ್ಯಾಟರಿ, ಅದಕ್ಕೊಪ್ಪುವ ಬಲ್ಬು, ಎರಡು ತುಂಡು ತಂತಿಗಳಿಂದ ಮಗುವು ತಾನೇ ಮಾಡಿ ನೋಡಲಿ. ಮನೆಯಲ್ಲಿ ತಂದೆತಾಯಿಗಳು 'ಇಂದು ಏನು ನೋಡಿದೆ?' ಎಂದಷ್ಟೇ ಕೇಳದೆ, 'ಅದು ನಿಜವೆಂದು ಹೇಗೆ ಬಲ್ಲೆ?' ಎಂದೂ ಕೇಳಲಿ. ಈ ಎರಡನೆಯ ಪ್ರಶ್ನೆಗೆ ತನ್ನ ಕೈಯಿಂದಲೇ ಉತ್ತರ ಕೊಡಬಲ್ಲ ಮಗುವಿನಲ್ಲಿ ಕುರುಹು ಅರಿವಾಗಿದೆಯೆಂದು ತಿಳಿಯಬೇಕು.