ಎಲ್ಲಿ ಹೆಚ್ಚು ನೋಡಬೇಕು?

ಎಲ್ಲರನ್ನೂ ಒಂದೇ ಸಮನಾಗಿ ನೋಡುವುದೇ ನ್ಯಾಯವೆಂದು ಮನೆಯಲ್ಲೂ ಶಾಲೆಯಲ್ಲೂ ಹೇಳುತ್ತ ಬಂದಿದ್ದೇವೆ. ಆದರೆ ನಮ್ಮ ಗಮನಕ್ಕೂ ಒಂದು ಮಿತಿಯಿದೆಯಲ್ಲ? ಇರುವಷ್ಟನ್ನು ಸಮನಾಗಿ ಹಂಚಿದರೆ ಹೆಚ್ಚು ಬೇಕಾದವರಿಗೆ ಸಾಲದೆ ಹೋಗುತ್ತದೆ. ಈ ತೊಡಕು ಖಗೋಳ ವಿಜ್ಞಾನಿಗಳನ್ನೂ ಕಾಡಿದೆ ಎಂದರೆ ನಿಮಗೆ ಆಶ್ಚರ್ಯವಾದೀತು.

ನಕ್ಷತ್ರದ ಬೆಳಕು ಅನಿಲ ಮತ್ತು ಧೂಳಿನ ಮೋಡಗಳನ್ನು ಹಾಯುವಾಗ ಸ್ವಲ್ಪ ಇಂಗುತ್ತದೆ, ಸ್ವಲ್ಪ ಚದುರುತ್ತದೆ. ಇದನ್ನು ಲೆಕ್ಕ ಹಾಕುವ ಶಾಸ್ತ್ರದ ಮೇಲೆ ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ 1950ರಲ್ಲಿ ಒಂದು ದೊಡ್ಡ ಗ್ರಂಥವನ್ನೇ ಬರೆದರು. ಈಗ ಆ ಲೆಕ್ಕ ಕಂಪ್ಯೂಟರಿನದು. ಆಕಾಶದ ಒಂದು ಭಾಗವನ್ನು ಚೌಕಾಬಾರದ ಮನೆಗಳಂತೆ ವಿಂಗಡಿಸಿ, ಒಂದೊಂದು ಮನೆಯಲ್ಲೂ ಯಾವ ದಿಕ್ಕಿಗೆ, ಯಾವ ಬಣ್ಣದ ಬೆಳಕು ಎಷ್ಟಿದೆ ಎಂದು ಎಣಿಸಬೇಕು. ಉದ್ದ, ಅಗಲ, ಎತ್ತರಕ್ಕೆ ಸಾವಿರ ಸಾವಿರ ಮನೆಯಿಟ್ಟರೆ 100 ಕೋಟಿ ಮನೆಗಳಾದವು. ಮನೆಗೆ 100 ದಿಕ್ಕು, 100 ಬಣ್ಣವೆಂದರೆ 10 ಲಕ್ಷ ಕೋಟಿ ಅಂಕಿಗಳು!

ಇಂಥ ಹೊರೆಯನ್ನು ಇಳಿಸುವ ಉಪಾಯವೊಂದನ್ನು 1984ರಲ್ಲಿ ಮಾರ್ಷಾ ಬರ್ಗರ್ ಎಂಬ ಗಣಿತಜ್ಞೆ, ಜೋಸೆಫ್ ಒಲಿಗರ್ ಜೊತೆಗೂಡಿ ಪ್ರಕಟಿಸಿದರು. ಮುಂದೆ ಖಗೋಳದವರೂ ಅದನ್ನು ಕೈಗೆತ್ತಿಕೊಂಡರು. ಎಲ್ಲೆಡೆ ದೊಡ್ಡ ಮನೆಗಳು. ಲೆಕ್ಕ ತಪ್ಪುವ ಸೂಚನೆ ಕಂಡಲ್ಲಿ ಮಾತ್ರ ಅವುಗಳ ಮೇಲೆ ಸಣ್ಣ ಮನೆಗಳು. ಬರಿದಾದ ಬಯಲಿಗೆ ದೊಡ್ಡ ಕಣ್ಣಿನ ಜರಡಿ, ನಕ್ಷತ್ರ ಹುಟ್ಟುವೆಡೆಗೆ ಸಣ್ಣ ಕಣ್ಣಿನದು.

ಅಪಾಯವೂ ಇಲ್ಲೇ ಇದೆ. ದೊಡ್ಡ ಮನೆಯೊಳಗೆ ಧೂಳಿನ ಒಂದು ಪುಟ್ಟ ಗಂಟಿದ್ದರೆ ಅದು ಸುತ್ತಲಿನ ಬಯಲಿನೊಂದಿಗೆ ಸೇರಿ ಸರಾಸರಿಯಾಗಿಬಿಡುತ್ತದೆ. ಅದರ ಹಿಂದಿನ ನೆರಳೂ ಲೆಕ್ಕದಿಂದ ಮಾಯ. ಬೆಳಕು ದೂರ ಸಾಗುವುದರಿಂದ ಇಲ್ಲಿಯ ತಪ್ಪು ದೂರದ ಮನೆಗೂ ತಟ್ಟುತ್ತದೆ.

ನಮ್ಮ ಸಂಸಾರಗಳಲ್ಲೂ ಹಾಗೇ ಅಲ್ಲವೇ? ಜ್ವರ ಬಂದ ಮಗು, ಗದರುವ ಹಿರಿಯರು, ಪರೀಕ್ಷೆಗೆ ಕೂತ ಹುಡುಗ ಇವರಿಗೆಲ್ಲ ಸಣ್ಣ ಕಣ್ಣಿನ ಜರಡಿ. "ಅವಳದೇನೂ ತೊಂದರೆಯಿಲ್ಲ" ಎನಿಸಿಕೊಂಡ ಹಿರಿಮಗಳಿಗೆ ದೊಡ್ಡದು. "ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ" ಎಂಬ ಸರಾಸರಿಯೊಳಗೆ ಅವಳ ದುಃಖ ಕರಗಿಹೋಗುತ್ತದೆ. ಅದರ ನೆರಳು ಮಾತ್ರ ಅವಳ ಮಕ್ಕಳವರೆಗೂ ಚಾಚುತ್ತದೆ.

ಹಾಗೆಂದು ಹೆಚ್ಚು ಕಡಿಮೆ ನೋಡುವುದೇ ಅನ್ಯಾಯವೆಂದು ನಾನು ಹೇಳಲಾರೆ. ಜ್ವರದ ಮಗುವಿನ ಬಳಿ ಕೂರಲೇಬೇಕು. ಆದರೆ ಬರ್ಗರ್ ಅವರ ಉಪಾಯದಲ್ಲಿ ಮೂರು ಕಟ್ಟುಪಾಡುಗಳಿವೆ. ಮನೆಯೇ ಇಲ್ಲದ ಜಾಗ ಎಂಬುದಿಲ್ಲ. ಸಣ್ಣ ಮನೆಗಳು ಕಾಯಂ ಅಲ್ಲ. ಕೆಲವು ಹೆಜ್ಜೆಗಳಿಗೊಮ್ಮೆ ಎಲ್ಲವನ್ನೂ ಮತ್ತೆ ಪರೀಕ್ಷಿಸಿ, ಬೇಡವಾದಲ್ಲಿ ತೆಗೆದು ಬೇಕಾದಲ್ಲಿ ಇಡುತ್ತಾರೆ. ಮೂರನೆಯದು ನನಗೆ ಎಲ್ಲಕ್ಕಿಂತ ದೊಡ್ಡದು. ಅಲ್ಲಿ ಕೇಳುವ ಪ್ರಶ್ನೆ "ಎಲ್ಲಿ ಗದ್ದಲವಿದೆ?" ಎಂದಲ್ಲ, "ನನ್ನ ಲೆಕ್ಕ ಎಲ್ಲಿ ತಪ್ಪಿರಬಹುದು?" ಎಂದು. ಒಂದೇ ಜಾಗವನ್ನು ಎರಡು ಅಳತೆಯಲ್ಲಿ ಎಣಿಸಿ, ಉತ್ತರ ಎಷ್ಟು ಬೇರೆಯಾಯಿತೆಂದು ನೋಡುತ್ತಾರೆ.

ಗಮನವನ್ನು ಸಮನಾಗಿ ಹಂಚಲು ನಮ್ಮಿಂದಾಗದು. ಆದರೆ ಮತ್ತೊಮ್ಮೆ ನೋಡಿಸಿಕೊಳ್ಳುವ ಹಕ್ಕು ಎಲ್ಲರಿಗೂ ಸಮವೇ. ಸುಮ್ಮನಿರುವವರು ತಾವಾಗಿ ಕೇಳುವುದಿಲ್ಲ. ನಾವೇ ಹೋಗಿ ಕೇಳಬೇಕು.