ಕೃಪೆಯೂ ಋಣವೂ

ರಕ್ಷಣೆಯೆಂಬುದು ಮನುಷ್ಯನು ತನ್ನ ಪುಣ್ಯಬಲದಿಂದ ಸಂಪಾದಿಸತಕ್ಕುದಲ್ಲ, ದೇವರ ಕೃಪೆಯಿಂದ ದೊರೆಯುವ ದಾನ. ಅದನ್ನು ವಿಶ್ವಾಸದಿಂದ ಸ್ವೀಕರಿಸಿದವನು ಹೊಸ ಬಾಳನ್ನು ಪಡೆಯುತ್ತಾನೆ. ಕ್ರೈಸ್ತಮತದ ಮೂಲಬೋಧನೆಗಳಲ್ಲಿ ಇದು ಮುಖ್ಯವಾದುದು. ಯೋಹಾನನ ಸುವಾರ್ತೆಯಲ್ಲಿ, ರಾತ್ರಿಯ ವೇಳೆ ಯೇಸುವನ್ನು ಕಾಣಬಂದ ನಿಕೊದೇಮನೆಂಬ ಪಂಡಿತನಿಗೆ ಈ ಎರಡನೆಯ ಹುಟ್ಟಿನ ಉಪದೇಶವೇ ಆಗುತ್ತದೆ. ಆದರೆ ವಿಚಾರಮಾಡುವವರಿಗೆ ಇಲ್ಲಿ ಒಂದು ಸಂದೇಹವು ತೋರುವುದು ಸಹಜ. ಪಾಪಿಯು ಏನನ್ನೂ ತೆರದೆ ಕ್ಷಮೆಯನ್ನು ಪಡೆಯುವುದಾದರೆ, ಅವನಿಂದ ನೊಂದವರ ಗತಿಯೇನು? ಹೊಸ ಹುಟ್ಟು ನಿಜವಾದರೆ, ಹುಟ್ಟಿದವನಲ್ಲಿ ಹಳೆಯ ಅನ್ಯಾಯವು ಉಳಿಯುವುದು ಹೇಗೆ?

ಈ ಸಂದೇಹವನ್ನು ಒರೆಗೆ ಹಚ್ಚುವುದಕ್ಕೆ ಜಾನ್ ನ್ಯೂಟನ್ನನ ಚರಿತ್ರೆಗಿಂತ ತಕ್ಕುದಾದುದು ವಿರಳ. ಇವನು ಗಣಿತಶಾಸ್ತ್ರಜ್ಞನಾದ ನ್ಯೂಟನ್ನನಲ್ಲ. 1725ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ನಾವಿಕ. ಯೌವನದಲ್ಲಿ ದೇವರನ್ನು ಹಳಿಯುತ್ತಿದ್ದವನು. 1748ನೆಯ ಮಾರ್ಚಿಯಲ್ಲಿ ಅವನಿದ್ದ ಹಡಗು ಅಟ್ಲಾಂಟಿಕ್ ಸಮುದ್ರದಲ್ಲಿ ಬಿರುಗಾಳಿಗೆ ಸಿಕ್ಕಿ ಮುಳುಗುವಂತಾಯಿತು. ಆಗ ಅವನು ದೇವರ ಕರುಣೆಯನ್ನು ಬೇಡಿದನು. ಆ ದಿನವನ್ನು ತನ್ನ ಹೊಸ ಬಾಳಿನ ಆರಂಭವೆಂದು ಜೀವಮಾನವೆಲ್ಲ ಸ್ಮರಿಸಿದನು.

ಆದರೆ ಅನಂತರ ನಡೆದುದೇನು? 1750ರಿಂದ 1754ರ ವರೆಗೆ ಅವನು ಹಡಗಿನ ಒಡೆಯನಾಗಿ ಮೂರು ಬಾರಿ ಆಫ್ರಿಕಕ್ಕೆ ಹೋಗಿ, ಅಲ್ಲಿಯ ಜನರನ್ನು ಸಂಕೋಲೆಯಲ್ಲಿ ತುಂಬಿಕೊಂಡು ಮಾರಾಟಕ್ಕೆ ಸಾಗಿಸಿದನು. ಮೇಲೆ ನಾವಿಕರಿಗಾಗಿ ಭಾನುವಾರದ ಪ್ರಾರ್ಥನೆ. ಕೆಳಗೆ ಸರಪಳಿಯ ಸದ್ದು. ಈ ಕಸುಬನ್ನು ಬಿಡಿಸಿದುದು ಅವನ ಅಂತಃಕರಣವಲ್ಲ. 1754ರಲ್ಲಿ ತಟ್ಟನೆ ಬಂದ ಒಂದು ಕಾಯಿಲೆ. ಅವನು 1764ರಲ್ಲಿ ಪಾದ್ರಿಯಾಗಿ, ಕೃಪೆಯನ್ನು ಕುರಿತು ಲೋಕಪ್ರಸಿದ್ಧವಾದ ಗೀತವನ್ನು ರಚಿಸಿದನು. ಆದರೆ ಗುಲಾಮರ ವ್ಯಾಪಾರಕ್ಕೆ ವಿರುದ್ಧವಾಗಿ ಅವನು ತನ್ನ ಪುಸ್ತಿಕೆಯನ್ನು ಪ್ರಕಟಿಸಿದುದು 1788ರಲ್ಲಿ. ಬಿರುಗಾಳಿಯ ದಿನದಿಂದ ನಾಲ್ವತ್ತು ವರ್ಷಗಳ ಮೇಲೆ.

ಹಾಗಾದರೆ ಆ ಮೊದಲ ವಿಶ್ವಾಸವು ಸಟೆಯೋ? ಹಾಗೆನ್ನಲಾಗದು. ಬೀಜವನ್ನು ಬಿತ್ತಿದ ದಿನವೇ ತೆನೆಯನ್ನು ಕೇಳುವುದು ನ್ಯಾಯವಲ್ಲ. ಕ್ರೈಸ್ತ ಶಾಸ್ತ್ರಜ್ಞರು ನೀತೀಕರಣವನ್ನೂ ಪವಿತ್ರೀಕರಣವನ್ನೂ ಬೇರೆಬೇರೆಯಾಗಿ ಎಣಿಸಿದುದು ಇದಕ್ಕಾಗಿಯೇ: ಕ್ಷಮೆಯು ಒಂದು ಕ್ಷಣದ್ದು, ಸ್ವಭಾವದ ಶುದ್ಧಿಯು ಜೀವಮಾನದ್ದು. ಆದರೆ ಈ ಭೇದವನ್ನು ನೆಪಮಾಡಿಕೊಳ್ಳುವುದೂ ಸಲ್ಲದು. ನ್ಯೂಟನ್ನನ ಕಣ್ಣು ತೆರೆಯುವುದಕ್ಕೆ ಹಿಡಿದ ಕಾಲದ ಬೆಲೆಯನ್ನು ತೆತ್ತವನು ನ್ಯೂಟನ್ನನಲ್ಲ. ಹಡಗಿನ ಅಡಿಯಲ್ಲಿ ಮಲಗಿದ್ದವರು. ಕಾಲಧರ್ಮವೇ ಹಾಗಿತ್ತೆಂದು ತಳ್ಳಿಹಾಕುವುದಕ್ಕೂ ಆಗದು. ಏಕೆಂದರೆ ಅದೇ ಕ್ರಿಸ್ತನನ್ನು ನಂಬಿದ ಕ್ವೇಕರ್ ಪಂಥದವರು 1783ರಲ್ಲಿಯೇ ಈ ವ್ಯಾಪಾರವನ್ನು ನಿಲ್ಲಿಸಬೇಕೆಂದು ಬ್ರಿಟಿಷ್ ಪಾರ್ಲಿಮೆಂಟಿಗೆ ಬಿನ್ನವತ್ತಳೆಯನ್ನು ಒಪ್ಪಿಸಿದ್ದರು.

ಕೃಪೆಗೂ ಋಣಕ್ಕೂ ಇರುವ ಸಂಬಂಧವನ್ನು ಲೂಕನ ಸುವಾರ್ತೆಯ ಜಕ್ಕಾಯನ ಕಥೆಯು ತಿಳಿಸುತ್ತದೆ. ಸುಂಕದವರ ಮುಖಂಡನಾದ ಇವನ ಮನೆಗೆ ಯೇಸು ತಾನಾಗಿಯೇ ಅತಿಥಿಯಾಗಿ ಬಂದನು. ಮೊದಲು ಲೆಕ್ಕವನ್ನು ತೀರಿಸೆಂದು ಕೇಳಲಿಲ್ಲ. ಆದರೆ ಆ ಅತಿಥಿಯನ್ನು ಬರಮಾಡಿಕೊಂಡ ಜಕ್ಕಾಯನು ಸುಮ್ಮನಿರಲಾರದೆ, ಅರ್ಧ ಆಸ್ತಿಯನ್ನು ಬಡವರಿಗೆ ಕೊಡುವುದಾಗಿಯೂ ವಂಚನೆಯಿಂದ ಪಡೆದುದನ್ನು ನಾಲ್ಮಡಿಯಾಗಿ ಹಿಂದಿರುಗಿಸುವುದಾಗಿಯೂ ನುಡಿದನು. ಋಣಪರಿಹಾರವು ಕೃಪೆಯ ಬೆಲೆಯಲ್ಲ, ಕೃಪೆಯ ಫಲ. ದೇವರ ಕ್ಷಮೆಯು ಅಪರಾಧಿಯನ್ನು ನೊಂದವರಿಂದ ದೂರಮಾಡುವುದಿಲ್ಲ; ಅವರ ಬಾಗಿಲಿಗೇ ಕಳುಹಿಸುತ್ತದೆ.

ನ್ಯೂಟನ್ನನು ತಡವಾಗಿಯಾದರೂ ಆ ಬಾಗಿಲಿಗೆ ಹೋದನು. ಪುಸ್ತಿಕೆಯಲ್ಲಿ ಅವನು ಪರರ ಪಾಪವನ್ನು ದೂಷಿಸಿ ಸುಮ್ಮನಾಗಲಿಲ್ಲ. ಆ ಕ್ರೌರ್ಯದಲ್ಲಿ ತನ್ನ ಕೈಯೂ ಇತ್ತೆಂದು ಹೆಸರಿಟ್ಟು ಹೇಳಿದನು. 1790ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷ್ಯವಿತ್ತನು. ವಿಲ್ಬರ್‌ಫೋರ್ಸನಿಗೆ ಬೆಂಬಲವಾಗಿ ನಿಂತನು. ವ್ಯಾಪಾರವನ್ನು ನಿಷೇಧಿಸುವ ಶಾಸನವು 1807ನೆಯ ಮಾರ್ಚಿಯಲ್ಲಿ ಆಯಿತು. ಅದೇ ಡಿಸೆಂಬರಿನಲ್ಲಿ ಅವನು ತೀರಿಕೊಂಡನು. ಸಮುದ್ರದ ಪಾಲಾದವರು ಇದರಿಂದ ಹಿಂದಿರುಗಿ ಬರಲಿಲ್ಲ. ಅವರ ಪರವಾಗಿ ಕ್ಷಮಿಸುವ ಅಧಿಕಾರವೂ ಬೇರಾವ ಮನುಷ್ಯನಿಗೂ ಇಲ್ಲ.

ಆದರೂ ಒಂದು ಮಾತು ನಿಲ್ಲುತ್ತದೆ. ತನ್ನ ಪುಣ್ಯವನ್ನೇ ನೆಚ್ಚಿ ಬದುಕುವವನು ತನ್ನ ಪಾಪವನ್ನು ಮರೆಸಲೇಬೇಕು. ಅದನ್ನು ಒಪ್ಪಿಕೊಂಡರೆ ಅವನ ನೆಲೆಯೇ ಕುಸಿಯುತ್ತದೆ. ಕೃಪೆಯನ್ನು ನೆಚ್ಚಿದವನಿಗೆ ಆ ಭಯವಿಲ್ಲ. ಆದುದರಿಂದ ಅವನು ತನ್ನ ಅಪರಾಧವನ್ನು ಪೂರ್ತಿಯಾಗಿ ನೋಡಬಲ್ಲನು. ರಕ್ಷಣೆಯು ದೊರೆತುದಕ್ಕೆ ಗುರುತು ಮನಸ್ಸಿಗಾದ ಶಾಂತಿಯೊಂದೇ ಅಲ್ಲ. ಅಂಥ ಶಾಂತಿಯು ಗುಲಾಮರ ಹಡಗಿನ ಮೇಲೂ ನ್ಯೂಟನ್ನನಿಗೆ ಇದ್ದಿತು. ತಾನು ಮಾಡಿದುದನ್ನು ಮುಚ್ಚದೆ ನುಡಿದು, ನೊಂದವರ ಪಕ್ಷದಲ್ಲಿ ನಿಲ್ಲುವ ಧೈರ್ಯವು ಎಂದು ಹುಟ್ಟುವುದೋ, ಅಂದು ಆ ಹೊಸ ಬಾಳು ಲೋಕದ ಕಣ್ಣಿಗೂ ಕಾಣತೊಡಗುತ್ತದೆ.