ಮಾರಾಟದ ಒಡವೆ

ಮಾರುವುದಕ್ಕೆಂದೇ ಮಾಡಿದ ವಸ್ತು ಕಲೆಯಾಗಲಾರದು ಎಂಬುದು ನಾವು ಸುಲಭವಾಗಿ ಆಡಿಬಿಡುವ ಮಾತು. ಅದನ್ನು ಒರೆಗೆ ಹಚ್ಚಬೇಕಾದರೆ ಅಮೆರಿಕದ ನವಾಹೋ ಜನರ ಬೆಳ್ಳಿಗೆಲಸದ ಕಡೆ ನೋಡಬೇಕೆಂದು ನನಗೆ ತೋರುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಅವರು ಈ ಕಸುಬನ್ನು ಮೆಕ್ಸಿಕನ್ ಅಕ್ಕಸಾಲಿಗರಿಂದ ಕಲಿತರು. ನಾಣ್ಯಗಳನ್ನು ಕರಗಿಸಿ ತೂಕವಾದ ಕಡಗ, ಡಾಬುಗಳನ್ನು ಮಾಡಿಕೊಂಡರು. ಅದು ಒಡವೆಯೂ ಹೌದು, ಆಪದ್ಧನವೂ ಹೌದು. ಕಷ್ಟ ಬಂದಾಗ ಅಂಗಡಿಯಲ್ಲಿ ಅಡವಿಟ್ಟು ದಿನಸಿ ತರುತ್ತಿದ್ದರು. ಆಮೇಲೆ ರೈಲು ಬಂತು, ಅದರ ಹಿಂದೆಯೇ ಪ್ರವಾಸಿಗರು. 1899ರಲ್ಲಿ ಫ್ರೆಡ್ ಹಾರ್ವೆ ಕಂಪೆನಿಯವರು ಬೆಳ್ಳಿಯನ್ನೂ ಕೊಯ್ದ ಟರ್ಕಾಯ್ಸ್ ಹರಳನ್ನೂ ಒದಗಿಸಿ ಹಗುರವಾದ ಒಡವೆಗಳನ್ನು ಮಾಡಿಸತೊಡಗಿದರು. ಪ್ರವಾಸಿಗೆ ಭಾರ ಬೇಡ, ‘ಇಂಡಿಯನ್’ ಎಂಬ ಗುರುತು ಸಾಕು. ಬಾಣ, ಗುಡುಗುಹಕ್ಕಿಗಳು ಬೆಳ್ಳಿಯ ಮೇಲೆ ಮೂಡಿದವು. ಯಾವ ಗುರುತಿಗೆ ಯಾವ ಅರ್ಥವೆಂದು ಮಾರುವವರೇ ಕಲ್ಪಿಸಿ ಚೀಟಿ ಅಚ್ಚು ಹಾಕಿಸಿದರು.

ಹಾಗಾದರೆ ಆ ಕಡಗ ಸುಳ್ಳೇ? ಬೆಳ್ಳಿ ಸುಳ್ಳಲ್ಲ, ಸುತ್ತಿಗೆಯ ಪೆಟ್ಟು ಸುಳ್ಳಲ್ಲ. ಸುಳ್ಳು ಇದ್ದದ್ದು ಚೀಟಿಯಲ್ಲಿ. ಪರರಿಂದ ಬಂದದ್ದೆಲ್ಲ ಕಲಬೆರಕೆ ಎನ್ನುವುದಾದರೆ ಅವರ ‘ಅಸಲು’ ಹಾರದ ಅರ್ಧಚಂದ್ರವೂ ಉಳಿಯದು; ಅದು ಸ್ಪೇನಿನವರ ಕುದುರೆಯ ಕಡಿವಾಣದಿಂದ ಇಳಿದು ಬಂದದ್ದು. ಅಲ್ಲದೆ, ನಾಲ್ಕು ವರ್ಷ ಸೆರೆಯಲ್ಲಿದ್ದು 1868ರಲ್ಲಿ ಬರಿಗೈಯಲ್ಲಿ ತಮ್ಮ ನೆಲಕ್ಕೆ ಮರಳಿದವರು ಅವರು. ಅಂಥವರ ಮಕ್ಕಳಿಗೆ ‘ಶುದ್ಧವಾಗಿರಿ’ ಎಂದು ಉಪದೇಶಿಸುವುದು ಹೊಟ್ಟೆ ತುಂಬಿದವರಿಗೆ ಮಾತ್ರ ಸಾಧ್ಯ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಅವರ ಪವಿತ್ರ ಮರಳುಚಿತ್ರಗಳಲ್ಲಿ ನಮ್ಮ ಸ್ವಸ್ತಿಕವನ್ನೇ ಹೋಲುವ ‘ಸುತ್ತುವ ದಿಮ್ಮಿ’ಯ ಆಕೃತಿಯಿದೆ. ವ್ಯಾಪಾರ ಅದನ್ನೂ ಬಿಡದೆ ಚಮಚಗಳ ಮೇಲೆಲ್ಲ ಒತ್ತಿಸಿತು. 1940ರಲ್ಲಿ, ಅದೇ ಆಕೃತಿ ಹಿಟ್ಲರನ ಲಾಂಛನವಾಗಿ ಕೆಟ್ಟುಹೋಯಿತೆಂದು, ನವಾಹೋ ಮತ್ತು ನೆರೆಯ ಜನರ ಪ್ರತಿನಿಧಿಗಳು ತಮ್ಮ ಕಸುಬಿನಲ್ಲಿ ಅದನ್ನು ಬಳಸುವುದಿಲ್ಲವೆಂದು ಸಹಿ ಹಾಕಿದರು. ಪೇಟೆ ಬೇಡಿದ್ದನ್ನು ಕೊಟ್ಟ ಕೈಗಳೇ, ಇದನ್ನು ಕೊಡೆವು ಎಂದೂ ಹೇಳಿದವು.

ನೀತಿಯ ಪ್ರಶ್ನೆ ಇರುವುದು ಇಲ್ಲಿ. ಮಾರಿದರೇ ಎಂಬುದಲ್ಲ, ಏನನ್ನು ಮಾರಬೇಕು, ಏನೆಂದು ಹೇಳಿ ಮಾರಬೇಕು ಎಂಬ ತೀರ್ಮಾನ ಯಾರ ಕೈಯಲ್ಲಿತ್ತು ಎಂಬುದು. 1990ರ ಅಮೆರಿಕದ ಕಾನೂನು ಕೂಡ ಶಿಕ್ಷಿಸುವುದು ಹಗುರವಾದ ಕಡಗವನ್ನಲ್ಲ. ಇಂಡಿಯನ್ನರು ಮಾಡದ ವಸ್ತುವನ್ನು ಅವರದೆಂದು ಮಾರುವ ಸುಳ್ಳನ್ನು. ಕುಶಲಿಯನ್ನು ‘ನೀನು ಅಸಲೇ?’ ಎಂದು ಕೇಳುವ ಮೊದಲು ಕೊಳ್ಳುವ ನಾವು, ನಮಗೆ ಬೇಕಾದದ್ದು ಅವನ ಕೆಲಸವೋ ಅವನ ಬಗೆಗಿನ ನಮ್ಮದೇ ಕನಸೋ ಎಂದು ಕೇಳಿಕೊಳ್ಳುವುದು ಮೇಲು.